ರಾತ್ರಿ ಒಂಬತ್ತಕ್ಕೆ ಸೋಲುತ್ತಿದ್ದ ಬ್ಯಾಕಪ್

"ಸರ್ರ, ಆ ಸಣ್ಣ ಡಬ್ಬಿ ದೀಪ ರಾತ್ರಿ ಮಿಣುಕೋದು ಬಿಟ್ಟೈತ್ರಿ."

ಫೋನ್ ಮಾಡಿದವರು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ವಾಚ್‌ಮನ್ ಅಜ್ಜ. ಸಣ್ಣ ಡಬ್ಬಿ ಅಂದರೆ ಸರ್ವರ್‌ಗೆ ಹಚ್ಚಿದ ಯುಎಸ್‌ಬಿ ಹಾರ್ಡ್ ಡಿಸ್ಕ್. ದಿನಾ ರಾತ್ರಿ ಒಂಬತ್ತಕ್ಕೆ ಬ್ಯಾಕಪ್ ಶುರುವಾದರೆ ಅದರ ನೀಲಿ ದೀಪ ತಾಸುಗಟ್ಟಲೆ ಮಿಣುಕುತ್ತದೆ. ಅಜ್ಜ ಊಟದ ಡಬ್ಬಿ ಬಿಚ್ಚುವ ಹೊತ್ತು ಅದು. ನನ್ನ ಮೊಬೈಲಿನಲ್ಲಿ ಮಾನಿಟರಿಂಗ್ ಆ್ಯಪ್ ಇತ್ತು. ತೆಗೆದು ನೋಡಿದರೆ ಎಲ್ಲಾ ಹಸಿರು.

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದುಕೊಂಡು ಸಣ್ಣಪುಟ್ಟ ಕಂಪನಿಗಳ ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುವವನು. ಈ ಕೋಲ್ಡ್ ಸ್ಟೋರೇಜಿನಲ್ಲಿ ಯಾವ ರೈತನ ಎಷ್ಟು ಚೀಲ ಮೆಣಸಿನಕಾಯಿ ಯಾವ ಚೇಂಬರಿನಲ್ಲಿದೆ, ಯಾವ ಲಾಟಿನ ಮೇಲೆ ಬ್ಯಾಂಕಿನ ಸಾಲ ಇದೆ ಅನ್ನೋದೆಲ್ಲ ಒಂದೇ ಸರ್ವರ್‌ನಲ್ಲಿದೆ. ವಿಂಡೋಸ್ ಸರ್ವರ್ 2016, ಅದರ ಮೇಲೆ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ ಅನ್ನೋ ಡೇಟಾಬೇಸ್. ಬ್ಯಾಕಪ್‌ಗೆ ವಿಂಡೋಸ್ ಜೊತೆಗೇ ಬರುವ ಸರ್ವರ್ ಬ್ಯಾಕಪ್. ಫೋನ್ ಬಂದದ್ದು ಮಾರ್ಚ್ ಕೊನೆಗೆ. ಚೇಂಬರ್‌ಗಳೆಲ್ಲ ತುಂಬುವ ಕಾಲ. ಸೋಮವಾರ, ಗುರುವಾರ ಮಾರುಕಟ್ಟೆ ಇದ್ದ ದಿನ ಗೇಟಿನ ಮುಂದೆ ಲಾರಿ ಸಾಲು ನಿಂತಿರುತ್ತದೆ. ಆ ಡೇಟಾ ಹೋದರೆ ನನ್ನ ಗತಿ ಏನು, ಹೇಳಿ.

ಮರುದಿನ ಬೆಳಿಗ್ಗೆಯೇ ಹೋದೆ. ಸರ್ವರ್ ರೂಮಿನ ಬಾಗಿಲು ತೆಗೆಯುವಾಗಲೇ ಮೂರು ಸೀನು. ಮೆಣಸಿನಕಾಯಿ ಘಾಟಿಗೆ ಅಲ್ಲಿಯವರು ಒಗ್ಗಿಕೊಂಡಿದ್ದಾರೆ, ನಾನು ಇನ್ನೂ ಇಲ್ಲ. ವಿಂಡೋಸ್ ತನ್ನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆಗೆದರೆ ಹನ್ನೊಂದು ರಾತ್ರಿಯಿಂದ ಒಂದೇ ಸಾಲು: ಈವೆಂಟ್ 521, ಎರರ್ ಕೋಡ್ 2155348129. ಶ್ಯಾಡೋ ಕಾಪಿ, ಅಂದರೆ ಬ್ಯಾಕಪ್‌ಗೂ ಮೊದಲು ಡಿಸ್ಕಿನ ಆ ಕ್ಷಣದ ಫೋಟೋ, ತೆಗೆಯಲು ಆಗಲಿಲ್ಲ ಅಂತ ಅದರ ಅರ್ಥ. ಯಾಕೆ ಆಗಲಿಲ್ಲ ಅಂತ ಮಾತ್ರ ಅದು ಹೇಳಲ್ಲ.

ನಾನು ಮೊದಲು ಬೈದದ್ದು ಡಿಸ್ಕನ್ನು. ಕೇಬಲ್ ಬದಲಿಸಿದೆ, ಚೆಕ್‌ಡಿಸ್ಕ್ ಓಡಿಸಿದೆ, ಸರ್ವರ್ ರೀಸ್ಟಾರ್ಟ್ ಮಾಡಿದೆ. ಹನ್ನೊಂದು ಗಂಟೆಗೆ ಕೈಯಾರೆ ಬ್ಯಾಕಪ್ ಶುರು ಮಾಡಿದರೆ ಸಲೀಸಾಗಿ ಮುಗಿಯಿತು. "ಆತು ಕಾಕಾ, ಕೇಬಲ್ ಹೋಗಿತ್ತು" ಅಂತ ಲೆಕ್ಕ ಬರೆಯುವ ದಿವಾನಜಿಗೆ ಹೇಳಿ ಬಂದೆ. ರಾತ್ರಿ ಮತ್ತೆ ಫೇಲ್. ಎರಡು ದಿನ ಬಿಟ್ಟು ಹೊಸ ಡಿಸ್ಕ್ ಒಯ್ದೆ. ಹಗಲು ಪಾಸ್, ರಾತ್ರಿ ಫೇಲ್. ದಿವಾನಜಿ ಕಾಕಾ ಕನ್ನಡಕ ಹಣೆ ಮೇಲೆ ಏರಿಸಿ, "ಈ ಸಲ ಯಾವ ಕೇಬಲ್ರಿ?" ಅಂದರು.

ದಾರಿ ತೋರಿಸಿದ್ದು ಮಳೆ. ಏಪ್ರಿಲ್ ಮೊದಲ ವಾರ ಒಂದು ಸಂಜೆ ಗಾಳಿ ಮಳೆ ಬಂದು ಬ್ಯಾಡಗಿಯಲ್ಲಿ ಬ್ರಾಡ್‌ಬ್ಯಾಂಡ್ ಹೋಯಿತು. ಜನರೇಟರ್ ಮೇಲೆ ಸರ್ವರ್ ನಡೆದೇ ಇತ್ತು. ಆ ಒಂದು ರಾತ್ರಿ ಬ್ಯಾಕಪ್ ಪಾಸ್. ಸರ್ವರ್ ಅದೇ, ಡಿಸ್ಕ್ ಅದೇ, ಒಂಬತ್ತು ಗಂಟೆಯೂ ಅದೇ. ಇಲ್ಲದ್ದು ಇಂಟರ್ನೆಟ್ ಒಂದೇ. ಬ್ಯಾಕಪ್‌ಗೂ ಇಂಟರ್ನೆಟ್‌ಗೂ ಸಂಬಂಧವೇ ಇಲ್ಲ. ಹಾಗಾದರೆ ಇಂಟರ್ನೆಟ್ ಬೇಕಾದ್ದು ಯಾವುದಕ್ಕೆ? ನಾನೇ ಹಾಕಿದ ಮಾನಿಟರಿಂಗ್ ಸಾಫ್ಟ್‌ವೇರ್‌ಗೆ!

ಇದರ ಕಥೆ ಒಂಚೂರು ಹೇಳಬೇಕು. ಅದಕ್ಕೂ ಮುಂಚೆ ಒಮ್ಮೆ ಸರ್ವರ್‌ನ ಡಿಸ್ಕ್ ತುಂಬಿ, ಬಿಲ್ಲಿಂಗ್ ಅರ್ಧ ದಿನ ನಿಂತಿತ್ತು. ಮುಂದೆ ಹಾಗಾಗದಿರಲಿ ಅಂತ ಮಾರ್ಚ್‌ನಲ್ಲಿ ಈ ಮಾನಿಟರಿಂಗ್ ಸಾಫ್ಟ್‌ವೇರಿನ ಏಜೆಂಟ್, ಅಂದರೆ ಸರ್ವರ್ ಒಳಗೇ ಕೂತು ಸುದ್ದಿ ಕಳಿಸುವ ಪ್ರೋಗ್ರಾಂ, ಹಾಕಿದ್ದೆ. ಸರ್ವರ್ ಜೊತೆಗೆ ಬಂದಿದ್ದ ಹಳೆಯ ಹಾರ್ಡ್‌ವೇರ್ ಮಾನಿಟರ್ ಮೊದಲೇ ಓಡುತ್ತಿತ್ತು. ಅದನ್ನು ತೆಗೆದಿರಲಿಲ್ಲ. ಎರಡು ಕಾವಲು ಇದ್ದರೆ ಇನ್ನೂ ಒಳ್ಳೇದು ಅಲ್ವಾ ಅಂದುಕೊಂಡಿದ್ದೆ.

ಈ ಸಲ ರಾತ್ರಿಯೇ ಹೋಗಿ ಸರ್ವರ್ ಮುಂದೆ ಕೂತೆ. ಅಜ್ಜ ಚಹಾ ತಂದುಕೊಟ್ಟರು. 8.58ಕ್ಕೆ ಟಾಸ್ಕ್ ಮ್ಯಾನೇಜರ್ ತೆಗೆದಿಟ್ಟೆ. ಸರಿಯಾಗಿ ಒಂಬತ್ತಕ್ಕೆ ಡಬ್ಲ್ಯುಎಂಐ ಪ್ರೊವೈಡರ್ ಹೋಸ್ಟ್ ಅನ್ನೋ ಪ್ರೋಸೆಸ್ ಮೇಲೆದ್ದಿತು. ಡಬ್ಲ್ಯುಎಂಐ ಅಂದರೆ ಮಷಿನ್ ಬಗ್ಗೆ ಬೇರೆ ಪ್ರೋಗ್ರಾಂಗಳು ಕೇಳುವ ಪ್ರಶ್ನೆಗೆ ಉತ್ತರ ಕೊಡುವ ವಿಂಡೋಸ್‌ನ ಭಾಗ. ಅದರ ಬೆನ್ನಿಗೇ ವಿಂಡೋಸ್ ಇನ್‌ಸ್ಟಾಲರ್. ಡಿಸ್ಕ್ ನೂರಕ್ಕೆ ನೂರು. ಅಪ್ಲಿಕೇಶನ್ ಲಾಗ್‌ನಲ್ಲಿ ಈವೆಂಟ್ 1035 ಮಳೆ ಸುರಿದಂತೆ ಬೀಳತೊಡಗಿತು. ಸರ್ವರ್‌ನಲ್ಲಿರುವ ಒಂದೊಂದು ಸಾಫ್ಟ್‌ವೇರಿನ ಹೆಸರಿಗೂ ಒಂದೊಂದು ಸಾಲು. ಹಿಂದಿನ ರಾತ್ರಿಗಳನ್ನು ನೋಡಿದೆ. ಮಳೆಯ ರಾತ್ರಿ ಒಂದನ್ನು ಬಿಟ್ಟು ಎಲ್ಲಾ ದಿನ ಇದೇ ಹೊತ್ತಿಗೆ ಇದೇ ಸಾಲು.

ಕೆಲವು ಪ್ರೋಗ್ರಾಂಗಳು "ಈ ಮಷಿನ್‌ನಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ" ಅಂತ ತಿಳಿಯಲು ಡಬ್ಲ್ಯುಎಂಐನ ವಿನ್32 ಪ್ರಾಡಕ್ಟ್ ಅನ್ನೋ ಕ್ಲಾಸನ್ನು ಕೇಳುತ್ತವೆ. ಕೇಳಿದ್ದು ಬರೀ ಪಟ್ಟಿ. ಆದರೆ ವಿಂಡೋಸ್ ಪಟ್ಟಿ ಕೊಟ್ಟು ಸುಮ್ಮನಾಗಲ್ಲ. ಎಂಎಸ್‌ಐ, ಅಂದರೆ ವಿಂಡೋಸ್ ಇನ್‌ಸ್ಟಾಲರ್ ಮೂಲಕ ಹಾಕಿದ ಪ್ರತಿಯೊಂದು ಪ್ಯಾಕೇಜ್ ಸರಿಯಿದೆಯೋ ಇಲ್ಲವೋ ಅಂತ ಒಂದೊಂದಾಗಿ ತಪಾಸಣೆಗೇ ಇಳಿಯುತ್ತದೆ. 1035 ಅದರ ಹೆಜ್ಜೆ ಗುರುತು. ನಮ್ಮ ಏಜೆಂಟ್ ದಿನಾ ರಾತ್ರಿ ಒಂಬತ್ತಕ್ಕೆ ಕ್ಲೌಡ್‌ನಿಂದ ಆದೇಶ ಪಡೆದು ಈ ಇನ್ವೆಂಟರಿ ಮಾಡುತ್ತಿತ್ತು. ಒಂಬತ್ತು ಅದರ ಡೀಫಾಲ್ಟ್ ಸಮಯ. ವಿಂಡೋಸ್ ಬ್ಯಾಕಪ್‌ನ ಡೀಫಾಲ್ಟ್ ಸಮಯವೂ ರಾತ್ರಿ ಒಂಬತ್ತೇ. ನಾನು ಎರಡನ್ನೂ ನೆಕ್ಸ್ಟ್, ನೆಕ್ಸ್ಟ್ ಒತ್ತಿ ಬಿಟ್ಟಿದ್ದೆ.

ಇದರಿಂದ ಬ್ಯಾಕಪ್ ಯಾಕೆ ಸೋಲಬೇಕು? ಚೇಂಬರಿನಲ್ಲಿ ಚೀಲ ಎಣಿಸುವಾಗ ಹಮಾಲರಿಗೆ "ಒಂದ್ ನಿಮಿಷ ನಿಲ್ಲ್ರಿ" ಅಂತಾರಲ್ಲ, ಶ್ಯಾಡೋ ಕಾಪಿಯೂ ಹಾಗೇ. ಎಸ್‌ಕ್ಯೂಎಲ್, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಜಾಗ), ಡಬ್ಲ್ಯುಎಂಐ ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ರೈಟರ್ ಇರುತ್ತಾನೆ. ಬ್ಯಾಕಪ್ ಶುರುವಾದಾಗ ಎಲ್ಲಾ ರೈಟರ್‌ಗಳೂ ಬರೆಯೋದನ್ನು ನಿಲ್ಲಿಸಿ ಕೈಕಟ್ಟಿ ನಿಲ್ಲಬೇಕು. ಇದಕ್ಕೆ ಹೆಚ್ಚೆಂದರೆ 60 ಸೆಕೆಂಡ್. ಅಷ್ಟರೊಳಗೆ ಫೋಟೋ ಹೊಡೆದು ಬಿಡುಗಡೆ ಆಗಬೇಕು. ಒಬ್ಬ ತಡ ಮಾಡಿದರೂ ಇಡೀ ಕೆಲಸ ರದ್ದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ರೈಟರ್‌ಗಳ ಸ್ಥಿತಿ ತೋರಿಸುವ ವಿಎಸ್‌ಎಸ್ ಅಡ್ಮಿನ್ ಲಿಸ್ಟ್ ರೈಟರ್ಸ್ ಹೊಡೆದೆ. ಎಲ್ಲರೂ ಸ್ಟೇಬಲ್. ಡಬ್ಲ್ಯುಎಂಐ ರೈಟರ್ ಒಬ್ಬನೇ ಫೇಲ್ಡ್, ಕಾರಣ ಟೈಮ್ಡ್ ಔಟ್. ಈ ಕಮಾಂಡನ್ನು ಮೊದಲ ದಿನವೇ ಹೊಡೆಯಬೇಕಿತ್ತು. ಆದರೆ ನಾನು ಬೆಳಿಗ್ಗೆ ಬಂದವನೇ ರೀಸ್ಟಾರ್ಟ್ ಮಾಡುತ್ತಿದ್ದೆ. ರೀಸ್ಟಾರ್ಟ್ ಆದ ಮೇಲೆ ರೈಟರ್‌ಗಳೆಲ್ಲ ಹೊಸದಾಗಿ ಎದ್ದು ನಿಲ್ಲುತ್ತಾರೆ. ಸಾಕ್ಷಿಯನ್ನು ನಾನೇ ಅಳಿಸಿ ಹಾಕುತ್ತಿದ್ದೆ.

ಏಜೆಂಟ್ ಒಂದರದ್ದೇ ತಪ್ಪಾ ಅಂತ ಡಬ್ಲ್ಯುಎಂಐ ಆ್ಯಕ್ಟಿವಿಟಿ ಲಾಗ್ ಕೂಡ ನೋಡಿದೆ. ಅಲ್ಲಿ ಈವೆಂಟ್ 5858ರಲ್ಲಿ ಯಾವ ಪ್ರೋಸೆಸ್ ಕೇಳಿದ ಪ್ರಶ್ನೆ ಬಿದ್ದುಹೋಯಿತು ಅಂತ ಅದರ ಐಡಿ ಸಮೇತ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ತಾಳೆ ಹಾಕಿದರೆ ಎರಡು ಹೆಸರು: ಹೊಸ ಏಜೆಂಟ್, ಹಳೆಯ ಹಾರ್ಡ್‌ವೇರ್ ಮಾನಿಟರ್. ಇಬ್ಬರೂ ನಿಮಿಷಕ್ಕೊಮ್ಮೆ ಅದೇ ಫ್ಯಾನ್, ಅದೇ ಡಿಸ್ಕ್ ಬಗ್ಗೆ ಕೇಳುತ್ತಿದ್ದರು. ಬೇಲಿಯೇ ಹೊಲ ಮೇಯುತ್ತಿತ್ತು, ಅದೂ ಎರಡೆರಡು ಬೇಲಿ.

ರಿಪೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಮಾನಿಟರ್ ತೆಗೆದೆ. ಹೊಸದರಲ್ಲಿ ನಿಮಿಷದ ವಿಚಾರಣೆಯನ್ನು ಐದು ನಿಮಿಷಕ್ಕೆ ಇಳಿಸಿದೆ. ರಾತ್ರಿ 8.45ರಿಂದ 11ರವರೆಗೆ ಮೇಂಟೆನೆನ್ಸ್ ವಿಂಡೋ ಇಟ್ಟೆ, ಅಂದರೆ ಆ ಹೊತ್ತು ಏಜೆಂಟ್ ಸುಮ್ಮನಿರಬೇಕು. ಇನ್ವೆಂಟರಿಯನ್ನು ಭಾನುವಾರ ಮಧ್ಯಾಹ್ನಕ್ಕೆ ತಳ್ಳಿದೆ. ಸಾಫ್ಟ್‌ವೇರ್ ಪಟ್ಟಿಯನ್ನು ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಕೀಗಳಿಂದ ಓದುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇತ್ತು, ಅದನ್ನು ಆನ್ ಮಾಡಿದೆ. ಅದಾದ ಮೇಲೆ 1035ರ ಮಳೆ ನಿಂತಿತು. ಬ್ಯಾಕಪ್ ಸಮಯ ಮಾತ್ರ ಬೇಕಂತಲೇ ಒಂಬತ್ತಕ್ಕೇ ಬಿಟ್ಟೆ. ಅದನ್ನು ಸರಿಸಿದ್ದರೆ ರೋಗ ವಾಸಿಯಾಯಿತೋ, ಮುಚ್ಚಿಹೋಯಿತೋ ಗೊತ್ತಾಗುತ್ತಿರಲಿಲ್ಲ.

ಇಂಥ ಹೊತ್ತಲ್ಲಿ ಡಬ್ಲ್ಯುಎಂಐ ತನ್ನ ಮಾಹಿತಿ ಇಟ್ಟುಕೊಳ್ಳುವ ರೆಪಾಸಿಟರಿಯನ್ನೇ ರೀಸೆಟ್ ಮಾಡಿ ಅನ್ನುವವರು ಬಹಳ ಜನ. ನಾನೂ ಆ ಕಮಾಂಡ್ ಟೈಪ್ ಮಾಡಿ, ಎಂಟರ್ ಒತ್ತದೆ ಬಿಟ್ಟೆ. ರೆಪಾಸಿಟರಿ ಕೆಟ್ಟಿರಲಿಲ್ಲ, ಅದಕ್ಕೆ ಕೆಲಸ ಜಾಸ್ತಿಯಾಗಿತ್ತು ಅಷ್ಟೇ. ಸುಮ್ನೆ ಇರೋದನ್ನು ಕೆದಕಿ ಮತ್ತೊಂದು ತಲೆನೋವು ಯಾಕೆ?

ಇನ್ನು ನನ್ನ ಮೊಬೈಲ್ ಆ್ಯಪಿನಲ್ಲಿ ಕಂಡ ಆ ಹಸಿರು. ಏಜೆಂಟ್ ನೋಡುತ್ತಿದ್ದದ್ದು ಬ್ಯಾಕಪ್ ಡಿಸ್ಕ್ ಇದೆಯಾ, ಜಾಗ ಇದೆಯಾ ಅಂತ ಮಾತ್ರ. ಫೇಲ್ ಆದ ಬ್ಯಾಕಪ್ ಜಾಗ ತಿನ್ನಲ್ಲವಲ್ಲ, ಅದರ ಲೆಕ್ಕದಲ್ಲಿ ಎಲ್ಲಾ ಚೆನ್ನಾಗಿತ್ತು. ಈಗ ನಿಯಮ ತಿರುಗಿಸಿದ್ದೇನೆ. ಬ್ಯಾಕಪ್ ಲಾಗ್‌ನಲ್ಲಿ ಯಶಸ್ಸಿನ ಈವೆಂಟ್ 4 ಕಳೆದ 26 ತಾಸಿನಲ್ಲಿ ಬರದಿದ್ದರೆ ನನಗೆ ಮೆಸೇಜ್ ಬರಬೇಕು. ಸರ್ವರ್ ಬಂದ್ ಆಗಿ ಬ್ಯಾಕಪ್ ಶುರುವೇ ಆಗದಿದ್ದರೂ ಹೀಗೆ ಸಿಕ್ಕಿಬೀಳುತ್ತದೆ. ಒಂದು ವಾರ ಬಿಟ್ಟು ಡಿಸ್ಕಿನಿಂದ ಡೇಟಾಬೇಸ್ ಎತ್ತಿ ನನ್ನ ಲ್ಯಾಪ್‌ಟಾಪಿನಲ್ಲಿ ರೀಸ್ಟೋರ್ ಮಾಡಿ, ಒಂದು ಲಾಟಿನ ಚೀಲದ ಲೆಕ್ಕವನ್ನು ಕಾಕಾನ ಕೆಂಪು ರಟ್ಟಿನ ಪುಸ್ತಕದ ಜೊತೆ ಹೋಲಿಸಿದೆ. 212 ಚೀಲ, ಎರಡೂ ಕಡೆ.

ಆ ಸಲದ ಓಡಾಟಕ್ಕೆ ಬಿಲ್ ಹಾಕಲಿಲ್ಲ. ತಪ್ಪು ನಂದೇ ಇತ್ತಲ್ಲ. ಕಾಕಾ ಮಾತ್ರ ಒಂದು ಕೆಜಿ ಡಬ್ಬಿ ತಳಿಯ ಮೆಣಸಿನಕಾಯಿ ಕಟ್ಟಿ ಕೈಯಲ್ಲಿಟ್ಟರು. ಗೇಟಿನಲ್ಲಿ ಅಜ್ಜ ತಡೆದು, "ಇನ್ನ ದೀಪ ನೋಡೂದು ಬಿಡ್ಲ್ಯೇನ್ರಿ?" ಅಂದರು.

"ಬ್ಯಾಡ್ರಿ ಅಜ್ಜಾ, ನೋಡ್ಕೋತ ಇರ್ರಿ" ಅಂದೆ.