ವಿಕೆಸಿ ಹುಡುಗರಿಗೆ ಸ್ಟೀರಾಯ್ಡ್ ಹನಿ ಬಿಡಿಸಿದ್ದು: ನನ್ನ ಅನುಭವ

"ಹಳ್ಳಿಯವರು ಆರು ತಿಂಗಳು ಸೈಕ್ಲೋಸ್ಪೋರಿನ್ ಹಾಕ್ತಾರಾ? ಸುಮ್ನೆ ಸ್ಟೀರಾಯ್ಡ್ ಬರೆದು ಕಳಿಸಿ." ಸಿಂಧನೂರು ಕಡೆ ನಾನು ಪ್ರಾಕ್ಟೀಸ್ ಶುರು ಮಾಡಿದಾಗ ಹಿರಿಯರೊಬ್ಬರು ಹೇಳಿದ ಮಾತಿದು. ವಿಕೆಸಿ ಅಂದರೆ ಹೆಚ್ಚಾಗಿ ಹುಡುಗರಿಗೆ ಬರುವ, ಬೇಸಿಗೆಯಲ್ಲಿ ಜೋರಾಗುವ ಕಣ್ಣಿನ ಅಲರ್ಜಿ. ಸೈಕ್ಲೋಸ್ಪೋರಿನ್ ಅಂದರೆ ಅದಕ್ಕೆ ಸ್ಟೀರಾಯ್ಡ್ ಬದಲು ಹಾಕುವ, ನಿಧಾನವಾಗಿ ಕೆಲಸ ಮಾಡುವ ಹನಿ. ಹಾಕುತ್ತಾರೆ. ಎಂಟು ವರ್ಷ ಆಯಿತು. ನನ್ನ ಹತ್ತಿರ ಬರುವ ವಿಕೆಸಿ ಹುಡುಗರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಏಳು ಮಂದಿ ಈಗ ಸ್ಟೀರಾಯ್ಡ್ ಇಲ್ಲದೆ ಬೇಸಿಗೆ ದಾಟುತ್ತಿದ್ದಾರೆ.

ಈ ಹಠ ಹುಟ್ಟಿದ್ದು ಒಬ್ಬ ಹುಡುಗನಿಂದ. 11 ವರ್ಷ. ಕಣ್ಣು ಕೆಂಪಾಗಿರಲಿಲ್ಲ, ಗೀಜೂ ಇರಲಿಲ್ಲ. ಕಣ್ಣಿನೊಳಗಿನ ಒತ್ತಡ ನೋಡಿದರೆ 38, ಇರಬೇಕಾದ್ದಕ್ಕಿಂತ ಬಹಳ ಹೆಚ್ಚು! ಒಂದೂವರೆ ವರ್ಷ ಮೆಡಿಕಲ್ ಶಾಪಿನಿಂದ ಅದೇ ಸ್ಟೀರಾಯ್ಡ್ ಹನಿ ತಂದು ಹಾಕಿದ್ದರು. ಬಾಟಲಿಗೆ ಆಗ ಮೂವತ್ತೋ ನಲವತ್ತೋ ರೂಪಾಯಿ. ಹಾಕಿದ ಕೆಲವೇ ದಿನಕ್ಕೆ ತುರಿಕೆ ತಗ್ಗುತ್ತದೆ, ತಾಯಿ ಯಾಕೆ ಬಿಡುತ್ತಾಳೆ? ಸ್ಟೀರಾಯ್ಡ್ ಏರಿಸಿದ ಒತ್ತಡಕ್ಕೆ ಕಣ್ಣಿನ ನರ ಆಗಲೇ ಸವೆದಿತ್ತು.

ಮೊದಲ ವರ್ಷ ನಾನು ಸೋತೆ. ಸ್ಟೀರಾಯ್ಡ್ ನಿಲ್ಲಿಸಿದ ದಿನವೇ 0.05% ಸೈಕ್ಲೋಸ್ಪೋರಿನ್ ಶುರು ಮಾಡಿದ್ದೆ. ಅದು ಕೈ ಹಿಡಿಯಲು ನಾಲ್ಕರಿಂದ ಆರು ವಾರ ಬೇಕಲ್ವಾ, ಅಷ್ಟರಲ್ಲಿ ಕಣ್ಣು ಕೆಂಡವಾಗುತ್ತಿತ್ತು. "ಸರ್ರ, ಇದು ಹಾಕಿದ್ರ ಉರೀತೈತ್ರಿ, ಹಳೇದೇ ಚಲೋ ಇತ್ರಿ" ಎಂದು ಹೋದವರು ಹೋದರು. ಹನ್ನೆರಡು ಮಕ್ಕಳಲ್ಲಿ ನಾಲ್ಕು ಉಳಿದವು.

ಆಮೇಲೆ ಎರಡನ್ನೂ ಮೊದಲ ದಿನದಿಂದಲೇ ಜೊತೆಗೆ ಕೊಟ್ಟೆ. ಲೋಟೆಪ್ರೆಡ್ನಾಲ್ ಎಂಬ ಸೌಮ್ಯ ಸ್ಟೀರಾಯ್ಡ್ ಇಳಿಸುತ್ತಾ ಐದಾರು ವಾರಕ್ಕೆ ಪೂರ್ತಿ ಬಂದ್. ಶೀಲ್ಡ್ ಅಲ್ಸರ್ (ಕರಿಗುಡ್ಡೆಯ ಮೇಲಿನ ಹುಣ್ಣು) ಇದ್ದರೆ ಮಾತ್ರ ಅದಕ್ಕಿಂತ ಜೋರಾದ ಸ್ಟೀರಾಯ್ಡ್ ಪ್ರೆಡ್ನಿಸೋಲೋನ್. ಪ್ರತಿ ಭೇಟಿಗೂ ಒತ್ತಡ ನೋಡಲೇಬೇಕು. ಸೈಕ್ಲೋಸ್ಪೋರಿನ್‌ಗೆ ಐದು ನಿಮಿಷ ಮೊದಲು ಒಂದು ಹನಿ ಲೂಬ್ರಿಕೆಂಟ್ (ಕಣ್ಣನ್ನು ತೇವವಾಗಿಡುವ ಹನಿ) ಹಾಕಿಸಿದೆ, ಉರಿ ತಡೆದುಕೊಳ್ಳುವಂತಾಯಿತು. ಸಣ್ಣಪುಟ್ಟ ತುರಿಕೆಗೆ ಓಲೋಪಟಡಿನ್ ಎಂಬ ಅಲರ್ಜಿ ಹನಿ ಸಾಕು, ಅದರ ಬಗ್ಗೆ ಬರೆಯುವುದೇನಿಲ್ಲ.

ನಿಜವಾಗಿ ತಲೆ ಕೆಡಿಸಿದ್ದು ದುಡ್ಡು. ಸೈಕ್ಲೋಸ್ಪೋರಿನ್ ಬಾಟಲಿಗೆ ಆಗ ಮುನ್ನೂರು ರೂಪಾಯಿ ಹತ್ತಿರ. ಹದಿನೈದು ದಿನಕ್ಕೇ ಖಾಲಿ ಎನ್ನುತ್ತಿದ್ದರು. ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ತಕ್ಕಡಿ ತಂದೆ, ಆರುನೂರು ರೂಪಾಯಿ ಇರಬೇಕು. ಬಾಟಲಿ ಕೊಡುವಾಗ ತೂಗಿದೆ, ವಾಪಸ್ ತಂದಾಗ ತೂಗಿದೆ. ಒಂದು ಹನಿ ಸುಮಾರು 0.04 ಗ್ರಾಂ. ಎರಡು ಕಣ್ಣು, ದಿನಕ್ಕೆ ಎರಡು ಸಲ, ತಿಂಗಳಿಗೆ 120 ಹನಿ. ಅಂದರೆ 4.8 ಗ್ರಾಂ. 5 ಎಂಎಲ್ ಬಾಟಲಿ ತಿಂಗಳಿಗೆ ಸರಿಯಾಗಿ ಬರಬೇಕು. ಅರ್ಧ ಎಲ್ಲಿ ಹೋಗುತ್ತಿದೆ?

ಒಬ್ಬ ತಾಯಿಗೆ ನನ್ನೆದುರೇ ಹಾಕಲು ಹೇಳಿದೆ. ಹುಡುಗ ಕಣ್ಣು ಬಿಗಿದುಕೊಂಡ. ಎರಡು ಹನಿ ಕೆನ್ನೆಗೆ, ಒಂದು ಮೂಗಿಗೆ, ನಾಲ್ಕನೆಯದು ಕಣ್ಣಿಗೆ. ಅವತ್ತಿನಿಂದ ಚೀಟಿ ಬರೆಯುವ ಮೊದಲು ಹನಿ ಹಾಕುವುದನ್ನೇ ಕಲಿಸುತ್ತೇನೆ. ಮಗು ಅಂಗಾತ ಮಲಗಲಿ, ಕಣ್ಣು ಮುಚ್ಚಿರಲಿ. ಮೂಗಿನ ಪಕ್ಕದ ಕಣ್ಣಂಚಿನ ಗುಳಿಯಲ್ಲಿ ಒಂದೇ ಹನಿ. ಈಗ ಕಣ್ಣು ತೆರೆ ಅನ್ನಿ, ತಾನಾಗಿ ಜಾರಿ ಒಳಗೆ ಹೋಗುತ್ತದೆ. ಆಮೇಲೆ ಕಣ್ಣು ಮುಚ್ಚಿಸಿ ಆ ಮೂಲೆಯನ್ನು ಒಂದು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಬಾಟಲಿ 26, 27 ದಿನ ಬರತೊಡಗಿತು. ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇದನ್ನು ಕಂಡುಕೊಂಡದ್ದಕ್ಕೆ ನನಗೆ ಹೆಮ್ಮೆಯಿದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಫ್ರಿಜ್ ಇಲ್ಲದ ಮನೆಗಳಲ್ಲಿ ಲೂಬ್ರಿಕೆಂಟ್ ಬಾಟಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ನೀರಿನ ಮಡಕೆಗೆ ಸುತ್ತಿದ ಒದ್ದೆ ಬಟ್ಟೆಯೊಳಗೆ ಸಿಕ್ಕಿಸಿಡಲು ಹೇಳಿದೆ. ಭತ್ತದ ಕೊಯ್ಲಿನ ಮಷಿನ್ ಓಡಿ ಧೂಳೇಳುವ ದಿನಗಳಲ್ಲಿ ಆ ತಣ್ಣನೆ ಹನಿಗೆ ಮಕ್ಕಳ ಕೈ ಕಣ್ಣಿನಿಂದ ಕೆಳಗಿಳಿಯುತ್ತದೆ. ಉಜ್ಜಿ ಉಜ್ಜಿ ಕೆರಟೋಕೋನಸ್ (ಕರಿಗುಡ್ಡೆ ತೆಳುವಾಗಿ ಮುಂದಕ್ಕೆ ಚೂಪಾಗುವುದು) ಮಾಡಿಕೊಂಡವರನ್ನು ನೀವೂ ನೋಡಿದ್ದೀರಿ.

ಹತ್ತರಲ್ಲಿ ಉಳಿದ ಮೂವರಿಗೆ ರಾತ್ರಿ 0.03% ಟ್ಯಾಕ್ರೋಲಿಮಸ್ ಮುಲಾಮು, ಇದೂ ಸ್ಟೀರಾಯ್ಡ್ ಅಲ್ಲ. ಉರಿ ಇನ್ನೂ ಜಾಸ್ತಿ, ಆದರೆ ಬಹಳಷ್ಟು ಮಂದಿಗೆ ಹಿಡಿತ ಸಿಗುತ್ತದೆ. ಮಧ್ಯದಲ್ಲಿ ಬಿಟ್ಟುಹೋಗದಂತೆ ಅಜ್ಜಿಯರನ್ನು ಒಪ್ಪಿಸುವ ದಾರಿಯೊಂದು ನನ್ನದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದರೆ ತೋರಿಸುತ್ತೇನೆ.

ಆ 38ರ ಹುಡುಗನಿಗೆ ಈಗ 19. ಹೋದ ನೋಟ ಹೋಯಿತು, ಒತ್ತಡದ ಹನಿ ಇಂದಿಗೂ ನಡೆದಿದೆ. ಅವನ ತಮ್ಮನಿಗೂ ವಿಕೆಸಿ. ತಮ್ಮನಿಗೆ ಹನಿ ಹಾಕುವವನು ಅವನೇ. ಕಳೆದ ತಿಂಗಳ ಬಾಟಲಿ 28 ದಿನ ಬಂತು. ತಮ್ಮನ ಒತ್ತಡ 14.