ಅಪ್ರಾಪ್ತರ ಆಸ್ತಿಯಿಂದ ಓದು, ಪೋಷಣೆಗೆ ಖರ್ಚು ಮಾಡುವುದು ಹೇಗೆ?

ತಂದೆ ತಾಯಿಯನ್ನು ಕಳೆದುಕೊಂಡ ಹದಿಮೂರು ವರ್ಷದ ಹುಡುಗಿಯ ಹೆಸರಿನಲ್ಲಿ ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟವಿದ್ದು, ಚಿಕ್ಕಪ್ಪ ಅವಳನ್ನು ಸಾಕುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಸಾಕಿದ ಮಾತ್ರಕ್ಕೆ ತೋಟ ಮಾರುವ ಅಧಿಕಾರ ಅವರಿಗೆ ಬರುವುದಿಲ್ಲ. ಮೊದಲು ಅವರು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಆಸ್ತಿಯ ಪೋಷಕರಾಗಿ ನೇಮಕಗೊಳ್ಳಬೇಕು.

ನೇಮಕವಾದ ಮೇಲೆ, ನ್ಯಾಯಾಲಯ ಕೇಳಿದರೆ, ಜಮೀನು, ನಗದು, ಒಡವೆ, ಸಾಲಗಳ ಪಟ್ಟಿಯನ್ನು ಆರು ತಿಂಗಳೊಳಗೆ ಸಲ್ಲಿಸಬೇಕು.

ಖರ್ಚಿನ ವಿಷಯದಲ್ಲಿ 34ನೇ ಕಲಮು ಮುಖ್ಯ. ಅಡಿಕೆ ಮಾರಿ ಮಂಡಿಯಿಂದ ಬಂದ ಹಣವಾಗಲಿ, ಆ ವರ್ಷದ ಫಸಲನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟು ಪಡೆದ ಮೊತ್ತವಾಗಲಿ, ಠೇವಣಿಯ ಬಡ್ಡಿಯಾಗಲಿ ಆದಾಯ. ಅದರಲ್ಲಿ ನ್ಯಾಯಾಲಯ ಸೂಚಿಸಿದಷ್ಟನ್ನು ಹುಡುಗಿಯ ಊಟ-ಬಟ್ಟೆ, ಶಾಲೆ, ಮುಂದಿನ ಏಳಿಗೆಗೆ, ಅವಳನ್ನೇ ಅವಲಂಬಿಸಿದವರ ಪೋಷಣೆಗೆ, ಅವಳು ಅಥವಾ ಆ ಅವಲಂಬಿತರು ಭಾಗಿಯಾಗುವ ಶುಭಕಾರ್ಯಗಳಿಗೂ ಬಳಸಬಹುದು. ಆದಾಯ ಸಾಲದೆ ಮೂಲ ಆಸ್ತಿಗೆ ಕೈಹಾಕಬೇಕಾದರೆ ಅದಕ್ಕೂ ನ್ಯಾಯಾಲಯದ ನಿರ್ದೇಶನ ಬೇಕು. ಹಾಸ್ಟೆಲ್ ಶುಲ್ಕದ ರಸೀದಿ, ಪುಸ್ತಕದ ಬಿಲ್ಲು, ಕೊನೆಗಾರರ (ಅಡಿಕೆ ಗೊನೆ ಇಳಿಸುವವರ) ಕೂಲಿಯ ಚೀಟಿ ಎಲ್ಲವನ್ನೂ ದಿನಾಂಕದ ಪ್ರಕಾರ ಒಂದೇ ಕಡತದಲ್ಲಿಟ್ಟು, ಅವಳ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇಡುವುದು ಲೇಸು. ಮನೆಖರ್ಚಿನೊಂದಿಗೆ ಬೆರೆತ ಲೆಕ್ಕವನ್ನು ಮುಂದೆ ಬಿಡಿಸಿ ತೋರಿಸುವುದು ಪ್ರಾಮಾಣಿಕರಿಗೂ ಕಷ್ಟ.

ತೋಟವನ್ನು ಅಡವಿಡಲು, ಮಾರಲು, ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗುತ್ತಿಗೆ ಕೊಡಲು ಮುಂಚಿತ ಅನುಮತಿ ಕಡ್ಡಾಯ. ಅಗತ್ಯವಿದೆ ಅಥವಾ ಮಗುವಿಗೆ ಸ್ಪಷ್ಟ ಲಾಭವಿದೆ ಎಂದು ಮನವರಿಕೆಯಾದರೆ ಮಾತ್ರ ಅನುಮತಿ ಸಿಗುತ್ತದೆ. ಆದ್ದರಿಂದ ‘ಓದಿಗಾಗಿ’ ಎಂದಷ್ಟೇ ಬರೆಯದೆ, ಕಾಲೇಜಿನ ಶುಲ್ಕಪತ್ರ, ಪಹಣಿ, ತೋಟದ ವಾರ್ಷಿಕ ಆದಾಯ, ಎಷ್ಟು ಹಣ ಕೊರತೆ ಬೀಳುತ್ತದೆ ಎಂಬ ಲೆಕ್ಕ ಇವನ್ನು ಅರ್ಜಿಯ ಜೊತೆಗಿಡಬೇಕು. ಬಹಿರಂಗ ಹರಾಜಿನಲ್ಲೇ ಮಾರಬೇಕು, ಬಂದ ಹಣವನ್ನು ನ್ಯಾಯಾಲಯದಲ್ಲಿ ಕಟ್ಟಬೇಕು ಎಂಬ ಷರತ್ತುಗಳೂ ಬರಬಹುದು.

ಹಿಂದೂ ಕುಟುಂಬಗಳಲ್ಲಿ ತಂದೆ ತಾಯಿಯೇ ಸಹಜ ಪೋಷಕರಾಗಿದ್ದರೆ ನೇಮಕದ ಅಗತ್ಯವಿಲ್ಲ. ಆದರೆ ಮಗುವಿನ ಸ್ಥಿರಾಸ್ತಿ ಮಾರಲು 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮಿನಂತೆ ಅವರಿಗೂ ಅನುಮತಿ ಬೇಕು. ಮಲೆನಾಡಿನಲ್ಲಿ ಇನ್ನೂ ಪಾಲಾಗದ ಮನೆಗಳು ಬಹಳ. ಅಂಥ ಅವಿಭಕ್ತ ಆಸ್ತಿಯಲ್ಲಿನ ಮಗುವಿನ ಹಕ್ಕಿಗೆ ಈ ಕಲಮು ಅನ್ವಯಿಸದು.

ಅನುಮತಿಯಿಲ್ಲದೆ ಮಾರಿದ ಆಸ್ತಿಯ ಕ್ರಯವನ್ನು ಮಗು ಹದಿನೆಂಟು ತುಂಬಿದ ಮೂರು ವರ್ಷದೊಳಗೆ ದಾವೆ ಹೂಡಿ ರದ್ದುಪಡಿಸಿಕೊಳ್ಳಬಹುದಾದ್ದರಿಂದ, ಕೊಳ್ಳುವವರೂ ಕ್ರಯಪತ್ರಕ್ಕೆ ಮೊದಲು ನ್ಯಾಯಾಲಯದ ಆದೇಶದ ಪ್ರತಿಯನ್ನು ಕೇಳಿ ಪಡೆಯಬೇಕು.