ಸಿ ಡ್ರೈವ್ ಪಾಲು ಮಾಡಿದ ಕಥೆ

ನಮ್ಮ ಮನೆ ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ. ಕೇರಳದ ಶಾಲೆಗಳಲ್ಲಿ ಐಟಿ ಪಾಠ, ಪ್ರಾಕ್ಟಿಕಲ್ ಎಲ್ಲ ಲಿನಕ್ಸ್‌ನಲ್ಲಿ, ಅಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಲ್ಲಿ. ಶಾಲೆಗಳ ಐಟಿ ನೋಡಿಕೊಳ್ಳುವ ಕೇರಳ ಸರ್ಕಾರದ ಸಂಸ್ಥೆ ಕೈಟ್‌ನವರು ಉಬುಂಟು 22.04 ಎಂಬ ಲಿನಕ್ಸ್ ಮೇಲೆ ಕಟ್ಟಿಕೊಟ್ಟದ್ದು. ಮನೆಯ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ವಿಂಡೋಸ್ 10. ನನ್ನ ಅಡಿಕೆ ಲೆಕ್ಕ, ಹಳೆಯ ನುಡಿ ಫೈಲುಗಳು ಅದರಲ್ಲೇ ಇವೆ, ತೆಗೆಯುವ ಹಾಗಿಲ್ಲ. ಸರಿ, ಎರಡನ್ನೂ ಇಟ್ಟುಕೊಳ್ಳೋಣ ಅಂತ ಹೊರಟೆ.

ಮೊದಲು ಬೇಕಾದ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ. ಬ್ಯಾಟರಿ ಪೂರ್ತಿ ತುಂಬಿಸಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಪಾರ್ಟಿಷನ್‌ಗೆ, ಅಂದರೆ ಡಿಸ್ಕ್ ಪಾಲು ಮಾಡುವ ಕೆಲಸಕ್ಕೆ, ಕೈ ಹಾಕಬಾರದು.

ಲಿನಕ್ಸ್‌ಗೆ ಜಾಗ ಬಿಡಿಸಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಒತ್ತಿದೆ. ಡ್ರೈವಿನಲ್ಲಿ 280 ಜಿಬಿ ಖಾಲಿ ಇತ್ತು. ಅದು ಬಿಟ್ಟುಕೊಡುತ್ತೇನೆ ಅಂದದ್ದು ಬರೀ 9 ಜಿಬಿ! ಮದುವೆ ವಿಡಿಯೋಗಳನ್ನೆಲ್ಲ ಅಳಿಸಿದೆ. ಸಂಖ್ಯೆ ಅಲ್ಲಾಡಲಿಲ್ಲ. ಸುಮ್ನೆ ಒಂದು ಗಂಟೆ ಹೋಯಿತು.

ಆಮೇಲೆ ವಿಷಯ ಗೊತ್ತಾಯಿತು. ಜಾಗ ಪಾಲು ಮಾಡುವಾಗ ನಟ್ಟನಡುವೆ ಬಾವಿ ಇದ್ದರೆ ಹೇಗೆ, ಹಾಗೆ. ಸುತ್ತ ಎಷ್ಟು ಖಾಲಿ ಇದ್ದರೂ ಬಾವಿಯನ್ನು ಎತ್ತಿ ಆಚೆ ಇಡಲು ಆಗುತ್ತದಾ? ಹೈಬರ್ನೇಷನ್ ಫೈಲ್ (ತೆರೆದ ಕೆಲಸವನ್ನು ಉಳಿಸಿಟ್ಟು ಮಲಗಲು), ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸಲು), ರಿಸ್ಟೋರ್ ಪಾಯಿಂಟ್‌ಗಳು (ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು) ಇಂಥವು. ವಿಂಡೋಸ್ ಓಡುತ್ತಿರುವಾಗ ಅವನ್ನು ಜರುಗಿಸುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಟ್ಟು ಹೈಬರ್ನೇಷನ್ ಆಫ್ ಮಾಡಿದೆ. ಪೇಜ್ ಫೈಲ್, ರಿಸ್ಟೋರ್ ಪಾಯಿಂಟ್ ಮಾಡುವ ಸಿಸ್ಟಮ್ ಪ್ರೊಟೆಕ್ಷನ್ ಎರಡನ್ನೂ ಸ್ವಲ್ಪ ಹೊತ್ತಿಗೆ ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆ. ಈ ಸಲ ಬೇಕಾದಷ್ಟು ಸಿಕ್ಕಿತು. 61440 ಎಂಬಿ, ಅಂದರೆ 60 ಜಿಬಿ ತೆಗೆದುಕೊಂಡೆ. ಆಮೇಲೆ ಪೇಜ್ ಫೈಲ್, ಪ್ರೊಟೆಕ್ಷನ್ ಎರಡನ್ನೂ ವಾಪಸ್ ಆನ್ ಮಾಡಿದೆ, ಹೈಬರ್ನೇಷನ್ ಮಾತ್ರ ಆಫ್ ಇರಲಿ ಅಂತ ಬಿಟ್ಟೆ. ಅದು ಆಫ್ ಆದರೆ ವಿಂಡೋಸ್ ಬೇಗ ಎದ್ದೇಳಲು ಇರುವ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗುತ್ತದೆ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದೇ ಇಲ್ಲ, ಲಿನಕ್ಸ್‌ನಿಂದ ಸಿ ಡ್ರೈವಿಗೆ ಬರೆಯಲು ತಕರಾರು ಬರುತ್ತದೆ.

ಸಿಕ್ಕಿದ ಜಾಗಕ್ಕೆ ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರ ಕೊಡಲು ಹೋಗಬೇಡಿ, ಅದು ಹಾಗೇ ಖಾಲಿ ಇರಬೇಕು. ಲಿನಕ್ಸ್ ಹಾಕಿಟ್ಟ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಇನ್‌ಸ್ಟಾಲರ್‌ನಲ್ಲಿ 'ಸಮ್‌ಥಿಂಗ್ ಎಲ್ಸ್' ಆರಿಸಿದೆ. ಫ್ರೀ ಸ್ಪೇಸ್ ಮೇಲೆ ಪ್ಲಸ್ ಒತ್ತಿ, ಲಿನಕ್ಸ್ ಫೈಲ್ ಇಡುವ ಮಾದರಿ ಎಕ್ಸ್‌ಟ್ 4, ಮೌಂಟ್ ಪಾಯಿಂಟ್ ಒಂದು ಓರೆಗೆರೆ, ಅಂದರೆ ಇಡೀ ಲಿನಕ್ಸ್ ಇಲ್ಲೇ ಕೂರಲಿ ಅಂತ. ಇಎಫ್‌ಐ ಅಂತ 100 ಎಂಬಿಯ ಪುಟ್ಟ ಪಾರ್ಟಿಷನ್ ಕಾಣುತ್ತದಲ್ಲ, ಯಂತ್ರ ಆನ್ ಆಗುವಾಗ ಮೊದಲು ಓದುವುದು ಅದನ್ನೇ, ಅದನ್ನು ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಎದ್ದೇಳುವುದಿಲ್ಲ. ಪಟ್ಟಿಯನ್ನು ಮೂರು ಸಲ ಓದಿಯೇ 'ಇನ್‌ಸ್ಟಾಲ್ ನೌ' ಒತ್ತಿದ್ದು. ಉಳಿದದ್ದು ಅದರಷ್ಟಕ್ಕೆ ಆಯಿತು.

ರಾತ್ರಿ ಎಂಟು ಗಂಟೆಗೆ ವಿಂಡೋಸ್ ತೆರೆದ ಮಗಳು, "ಅಪ್ಪಾ, ಇದರಲ್ಲಿ ಮಧ್ಯಾಹ್ನ ಎರಡೂವರೆ!" ಅಂದಳು. ಸರಿಯಾಗಿ ಐದೂವರೆ ಗಂಟೆ ಹಿಂದೆ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂತ ಓದುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಕೊಟ್ಟು, ವಿಂಡೋಸ್‌ನಲ್ಲಿ ಒಮ್ಮೆ ಸಮಯ ಸರಿಮಾಡಿದ ಮೇಲೆ ಆ ತಂಟೆ ಮುಗಿಯಿತು.

ಈಗ ಆನ್ ಮಾಡಿದರೆ ಲಿನಕ್ಸ್ ಬೇಕೋ ವಿಂಡೋಸ್ ಬೇಕೋ ಅಂತ ಕೇಳುವ ಗ್ರಬ್ ಮೆನು ಹತ್ತು ಸೆಕೆಂಡ್ ಕಾಯುತ್ತದೆ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಲಿನಕ್ಸ್‌ಗೆ ಹೋಗಿರುತ್ತದೆ. ವಿಂಡೋಸ್ ಮೊದಲು ಬರುವ ಹಾಗೆ ಮಾಡಬಹುದು. ಪರೀಕ್ಷೆ ಮುಗಿಯಲಿ ಅಂತ ಮಗಳು ಬಿಡುತ್ತಿಲ್ಲ.